ಚೀಲದಲ್ಲೇ ಉಳಿದ ಕಾರ್ಡು

ಟಿ.ವಿ.ಯಲ್ಲಿ ದೊಡ್ಡವರು ಯಾರಾದರೂ ಸಿಕ್ಕಿಬಿದ್ದರೆ ನನಗಾಗುವ ಖುಷಿ ಅಷ್ಟಿಷ್ಟಲ್ಲ. ಒಳ್ಳೆಯ ಗುಣ ಅಲ್ಲವೆಂದು ಗೊತ್ತುಂಟು. ಆದರೂ ಮಂತ್ರಿಯೊಬ್ಬರ ಹಗರಣ ಹೊರಗೆ ಬಿತ್ತೆಂದರೆ ಮಧ್ಯಾಹ್ನದ ನಿದ್ದೆ ಬಿಟ್ಟು ಕುರ್ಚಿ ಎಳೆದುಕೊಳ್ಳುತ್ತೇನೆ. ಆರು ಜನ ಆರು ಚೌಕದೊಳಗೆ ಕೂತು ಒಟ್ಟಿಗೇ ಕಿರುಚುತ್ತಾರೆ. ಒಬ್ಬರದ್ದೂ ಅರ್ಥವಾಗುವುದಿಲ್ಲ, ನಾನು ಮಾತ್ರ ತಲೆಯಾಡಿಸುತ್ತಾ ಇರುತ್ತೇನೆ. "ನಿಮ್ಮ ಹತ್ರವಾ ಅವರು ಕೇಳುದು?" ಎನ್ನುತ್ತಾಳೆ ಹೆಂಡತಿ ಕುಸುಮಾವತಿ.

ಹಗರಣಕ್ಕೆ ಹೀಗೆ. ಬೇಹುಗಾರಿಕೆಯ ಕೇಸು ಬಂದರೆ ಮಾತ್ರ ನನ್ನ ಎದೆ ಡವಡವ ಎನ್ನುತ್ತದೆ. ಯಾಕೆಂದರೆ ನಾನು ಕಡಬದ ಕಡೆಯ ಒಂದು ಹಳ್ಳಿಯಲ್ಲಿ ಪೋಸ್ಟ್‌ಮ್ಯಾನ್ ಆಗಿದ್ದವ. ಹಳ್ಳಿಯ ಹೆಸರು ಹೇಳುವುದಿಲ್ಲ, ಪಿಂಚಣಿ ಇನ್ನೂ ಬರುತ್ತಾ ಉಂಟು. ಇನ್‌ಲ್ಯಾಂಡ್ ಪತ್ರ ಅಂಟಿಸಿಕೊಂಡು ಬರುತ್ತಿತ್ತು, ಅದರ ಮಾನ ಉಳಿಯಿತು. ಪೋಸ್ಟ್ ಕಾರ್ಡು ಹಾಗಲ್ಲ. ಗುಡ್ಡ ಹತ್ತುವಾಗ ಕೈಯಲ್ಲೇ ಇರುವ ಕಾರ್ಡನ್ನು ಓದದೆ ಇರಲು ನಾನೇನು ಸನ್ಯಾಸಿಯೇ? ಯಾರ ಮಗಳಿಗೆ ದಿನ ತುಂಬಿದೆ, ಯಾರ ತಮ್ಮ ಮುಂಬಯಿಯ ಹೋಟೆಲು ಬಿಟ್ಟ, ಎಲ್ಲ ಮನೆಯವರಿಗಿಂತ ಮೊದಲು ನನಗೆ ಗೊತ್ತು. ಅಜ್ಜಿಯಂದಿರು "ಓದಿ ಹೇಳು ಮಾರಾಯ" ಎಂದರೆ ಕನ್ನಡದ ಕಾರ್ಡನ್ನು ತುಳುವಿನಲ್ಲಿ ಹೇಳುತ್ತಿದ್ದೆ. ಕೆಟ್ಟ ಸುದ್ದಿಯಾದರೆ ಮೊದಲು ಒಂದು ಲೋಟ ನೀರು ಕೇಳಿ ಕುಡಿದು, ಮೆತ್ತಗೆ ಶುರುಮಾಡುತ್ತಿದ್ದೆ. ಈಗಿನವರು ಮಳೆ ಬಂತು ಎಂಬುದನ್ನೂ ಬೆಂಕಿ ಬಿದ್ದ ಹಾಗೆ ಹೇಳುತ್ತಾರೆ. ಆ ಜಗಲಿಗಳು, ಆ ಲೋಟಗಳು ಈಗಲೂ ಕಣ್ಣ ಮುಂದೆ ಬರುತ್ತವೆ.

ಅಂಥ ಒಂದು ಜಗಲಿಯಲ್ಲಿ ಕುಸುಮ ಬೀಡಿ ಕಟ್ಟುತ್ತಾ ಕೂತಿರುತ್ತಿದ್ದಳು. ನಾನು ಬಂದರೂ ತಲೆ ಎತ್ತುತ್ತಿರಲಿಲ್ಲ. ಪತ್ರ ಇಲ್ಲದ ದಿನವೂ ನಾನು ಅದೇ ದಾರಿಯಲ್ಲಿ ಹೋಗುತ್ತಿದ್ದೆ. ಒಂದು ಸೋಮವಾರ ಅವಳ ಅಪ್ಪನಿಗೆ ಕಾರ್ಡು ಬಂತು: "ಬರುವ ಗುರುವಾರ ಸುಳ್ಯದಿಂದ ನಾವು ನಾಲ್ಕು ಜನ ಹುಡುಗಿಯನ್ನು ನೋಡಲು ಬರುತ್ತೇವೆ." ಓದಿದವನೇ ಕಾರ್ಡನ್ನು ಚೀಲದ ಅಡಿಗೆ ತಳ್ಳಿದೆ. ಆ ವಾರ ದಾರಿಯನ್ನೂ ಬದಲಿಸಿದೆ. ಶನಿವಾರ ಕೊಟ್ಟೆ. ಅಂಚೆ ತಡವಾಗುವುದು ಆಗ ಯಾರಿಗೂ ಆಶ್ಚರ್ಯವಲ್ಲ. ಗುರುವಾರ ಮನೆಯವರೆಲ್ಲ ಪುತ್ತೂರಿಗೆ ಹೋಗಿದ್ದರಂತೆ. ಸುಳ್ಯದವರು ಬೀಗ ನೋಡಿ, ಮುಖ ಊದಿಸಿಕೊಂಡು ತಿರುಗಿ ಹೋದರು. ಆರು ತಿಂಗಳು ಬಿಟ್ಟು ನನ್ನ ಸೋದರಮಾವನನ್ನು ಕಳಿಸಿ ನಾನೇ ಹೆಣ್ಣು ಕೇಳಿದೆ.

ಮೊನ್ನೆ ಟಿ.ವಿ.ಯಲ್ಲಿ ಗುಟ್ಟಿನ ಕಾಗದ ಹೊರಗೆ ಕೊಟ್ಟವನೊಬ್ಬನ ಸುದ್ದಿ. "ನಂಬಿದವರಿಗೇ ದ್ರೋಹ!" ಎಂದು ನಿರೂಪಕ ನನ್ನನ್ನೇ ನೋಡಿ ಬೊಬ್ಬೆ ಹೊಡೆದ. ಪಕ್ಕದಲ್ಲಿ ಹಲಸಿನ ಬೀಜ ಸುಲಿಯುತ್ತಿದ್ದ ಕುಸುಮ, "ಎಷ್ಟು ವರ್ಷ ಆದ್ರೂ ಹೊರಗೆ ಬರ್ತದೆ ನೋಡಿ" ಎಂದಳು. ಸುಳ್ಯದ ಆ ಹುಡುಗನಿಗೆ ಈಗ ಎರಡು ಅಂಗಡಿ ಉಂಟು. ನನ್ನಿಂದಾಗಿ ಇವಳ ಬದುಕೇ ಬೇರೆಯಾಯಿತಲ್ಲ ಎಂಬ ಮುಳ್ಳು ಇಷ್ಟು ವರ್ಷ ನನ್ನನ್ನು ಚುಚ್ಚಿದೆ. ತಡೆಯಲಾರದೆ ಎಲ್ಲ ಹೇಳಿಬಿಟ್ಟೆ.

ಅವಳು ಟಿ.ವಿ.ಯ ಸದ್ದು ತಗ್ಗಿಸಿದಳು. ಮುಗಿಯಿತು ನನ್ನ ಕಥೆ ಎಂದುಕೊಂಡೆ.

"ನಿಮ್ಮ ಕಾರ್ಡಿಗೆ ಯಾರು ಕಾದದ್ದು ಮಾರಾಯ್ರೆ? ಸುಳ್ಯದ ಬಸ್ಸಿನ ಕಂಡಕ್ಟರು ಸೋಮವಾರವೇ ಹೇಳಿ ಹೋಗಿದ್ದ, ಗುರುವಾರ ಜನ ಬರ್ತಾರೆ, ಕಾರ್ಡೂ ಹಾಕಿದ್ದಾರೆ ಅಂತ. ಹೇಳಿದ್ದು ನನ್ನ ಹತ್ರ. ನಾನು ಅಪ್ಪನಿಗೆ ಹೇಳ್ಲಿಲ್ಲ. ಪುತ್ತೂರಿನ ಅತ್ತೆಗೆ ಸೌಖ್ಯ ಇಲ್ಲ ಅಂತ ಎಲ್ಲರನ್ನೂ ಹೊರಡಿಸಿದ್ದೂ ನಾನೇ."

"ಕಾರ್ಡು ಮೊದಲೇ ಬಂದಿದ್ದರೆ?"

"ನಿಮ್ಮ ಕೈಯಿಂದ ತಕ್ಕೊಂಡು ಒಲೆಗೆ ಹಾಕುವ ಅಂತ ಜಗಲಿ ಬಿಟ್ಟು ಏಳಲಿಲ್ಲ ನಾನು. ದಿನಾ ಬರುವವರು ನೀವು, ಆ ವಾರ ಶನಿವಾರದ ತನಕ ಬರಲೇ ಇಲ್ಲ. ಕಾರ್ಡು ನಿಮ್ಮ ಚೀಲದಲ್ಲೇ ಉಂಟು ಅಂತ ಆಗಲೇ ಗೊತ್ತಾಯ್ತು."

"ಗೊತ್ತಿದ್ದೂ ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ?"

"ನೀವಾಗಿ ಯಾವಾಗ ಬಾಯಿ ಬಿಡ್ತೀರಿ ಅಂತ ನೋಡಿದ್ದು" ಎಂದು ಅವಳು ಮತ್ತೆ ಬೀಜಕ್ಕೆ ಕೈ ಹಾಕಿದಳು.

ಒಂದೇ ಮನೆಯಲ್ಲಿ, ಒಂದೇ ಟಿ.ವಿ.ಯ ಮುಂದೆ ಕೂತು ಇಷ್ಟು ವರ್ಷ ನನ್ನ ಮೇಲೆ ಕಣ್ಣಿಟ್ಟವಳ ಸುಳಿವೇ ನನಗೆ ಸಿಗಲಿಲ್ಲ. ಇಂಥ ನಾನು ಬೇಹುಗಾರ ಅಂತೆ!