ನಮ್ಮೂರ ಒಲೆಯೂ ಲೋಕದ ಹೊಗೆಯೂ

ಲೋಕದವರೆಲ್ಲ ಒಂದಾಗಿ ಭೂಮಿ ಉಳಿಸೋಣ ಅಂತ ಹೊರಟಾಗಿನಿಂದ ನಮ್ಮ ದೊಡ್ಡಬಳ್ಳಾಪುರದ ಕಡೆ ಮಳೆಗೆ ಬರ ಬಂದಿರಬಹುದು, ನಗುವಿಗಂತೂ ಬಂದಿಲ್ಲ. ವಾರಕ್ಕೊಂದು ಆಗುತ್ತಲೇ ಇರುತ್ತದೆ. ನಾನು ಹೇಳದಿದ್ದರೆ ಇನ್ಯಾರು ಹೇಳಬೇಕು? ದೂರದೇಶದಲ್ಲಿ ದೊಡ್ಡದೊಡ್ಡವರು ಕೂತು ಮಾಡಿಕೊಂಡ ಒಪ್ಪಂದಕ್ಕೂ ನಮ್ಮೂರಿನ ತಿಪ್ಪೆಗೂ ನಡುವೆ ಲೂನಾ ಗಾಡಿಯ ಮೇಲೆ ಓಡಾಡುತ್ತಿದ್ದ ಒಬ್ಬನೇ ಒಬ್ಬ ಗಂಡಸು ನಾನು.

ನನ್ನ ಕೆಲಸದ ಹೆಸರು ಕ್ಷೇತ್ರ ಕಾರ್ಯಕರ್ತ. ಕೊಡುವ ದುಡ್ಡು ಹೊರದೇಶದ್ದು, ಹಂಚುವ ಸಂಸ್ಥೆ ಬೆಂಗಳೂರಿನದು, ಬಿಸಿಲಲ್ಲಿ ಒಣಗುವ ತಲೆ ನನ್ನದು. ಊರಲ್ಲಿ ಮೊದಲು ಪ್ಯಾಂಟಿಗೆ ಇಸ್ತ್ರಿ ಹಾಕಿದವನೂ ನಾನೇ, ಮೈಕಿನಲ್ಲಿ ಕೆಮ್ಮದೆ ಮಾತಾಡಿದವನೂ ನಾನೇ. ಕೊರತೆ ಒಂದೇ, ಕೆಲಸ ತಾತ್ಕಾಲಿಕ. ತ್ಯಾಮಗೊಂಡ್ಲು ಹತ್ತಿರ ಒಂದು ತೆಂಗಿನ ತೋಟದ ಮನೆಯಲ್ಲಿ ಹುಡುಗಿ ನೋಡಿ ಬಂದಿದ್ದೆವು. ಹುಡುಗಿ ಒಪ್ಪಿದ್ದಳು, ಒಪ್ಪದೆ ಏನು. ಅವರಪ್ಪ ಮಾತ್ರ ಎಲೆಯಡಿಕೆ ಜಗಿಯುತ್ತ, “ಹುಡುಗ ಚುರುಕಾಗವ್ನೆ. ಕೆಲಸ ಪಕ್ಕಾ ಆಗ್ಲಿ, ಬನ್ನಿ” ಅಂದುಬಿಟ್ಟರು. ಹಾಗಾಗಿ ಭೂಮಿ ಉಳಿಯುವುದು ಬೇರೆಯವರಿಗೆ ಎಷ್ಟು ಮುಖ್ಯವಾಗಿತ್ತೋ ತಿಳಿಯದು, ನನಗೆ ಅದು ಮದುವೆಯ ಪ್ರಶ್ನೆಯಾಗಿತ್ತು.

ಲೋಕ ಇಟ್ಟ ಮುಹೂರ್ತ

ಜೂನ್ ಐದು, ಪರಿಸರ ದಿನ. ಲೋಕದಲ್ಲೆಲ್ಲ ಅವತ್ತೇ ಗಿಡ ನೆಡಬೇಕು, ನಮ್ಮೂರಲ್ಲೂ ಅವತ್ತೇ. ಆ ವರ್ಷ ಒಂದು ಹನಿ ಬಿದ್ದಿರಲಿಲ್ಲ. ಗೋಮಾಳದ ನೆಲ ಹಾರೆ ಹಾಕಿದರೆ ಠಣ್ಣೆಂದು ವಾಪಸ್ ಹೇಳುತ್ತಿತ್ತು. ಗುಂಡಿ ತೋಡಲು ಬಂದವರು ಮೂರು ಹಾರೆ ಬಗ್ಗಿಸಿ, ನಾಲ್ಕನೆಯದನ್ನು ನನ್ನ ಕೈಗೆ ಕೊಟ್ಟು ಬೀಡಿ ಹಚ್ಚಿದರು.

ಸಂಸ್ಥೆಯ ಸಾಹೇಬರು ಜೀಪಿನಲ್ಲಿ ಬಂದರು. ಹಿಂದೆಯೇ ನೀರಿನ ಟ್ಯಾಂಕರ್. ನೀರು ಎಲ್ಲಿಯದು ಅಂತೀರಿ, ಪಕ್ಕದ ಊರಿನವರು ಕುಡಿಯುವ ಬೋರ್‌ವೆಲ್ಲಿನದು. ಅದು ಗುಂಡಿಗುಂಡಿಗೂ ಧಾರಾಳವಾಗಿ ಹರಿಯುತ್ತಿರುವಾಗ ಸಾಹೇಬರು ನೀರನ್ನು ಹನಿಹನಿಯಾಗಿ ಉಳಿಸಬೇಕೆಂದು ಬಲು ಚೆನ್ನಾಗಿ ಮಾತಾಡಿದರು. ಹೊಂಗೆ, ಬೇವು ನೆಟ್ಟು, ಫೋಟೋ ಹಿಡಿಸಿಕೊಂಡು ಹೊರಟರು. ಜೀಪಿನ ಧೂಳು ಇಳಿಯುವ ಹೊತ್ತಿಗೆ ಅರ್ಧ ಸಸಿ ತಲೆ ಬಾಗಿಸಿದ್ದವು, ಉಳಿದರ್ಧಕ್ಕೆ ಮೇಕೆಗಳು ಬಂದಿದ್ದವು.

ಅಲ್ಲೇ ಮೇಕೆ ಕಾಯುತ್ತಿದ್ದ ಮುದುಕಪ್ಪ ನನ್ನನ್ನು ಕರೆದು, ಈ ದಿನ ಇಟ್ಟವರು ಯಾರು ಅಂತ ಕೇಳಿದ. ಲೋಕದ ದೇಶಗಳೆಲ್ಲ ಸೇರಿ ಇಟ್ಟದ್ದು ಅಂತ ವಿವರಿಸಿದೆ.

ಅವನು ಮೇಕೆಯ ಬಾಯಿಂದ ಒಂದು ಬೇವಿನ ಸಸಿ ಬಿಡಿಸಿಕೊಂಡ. “ಅಷ್ಟು ಜನ ಸೇರಿದ್ರಲ್ಲಪ್ಪಾ, ಅದ್ರಾಗೆ ಒಬ್ಬನಾದ್ರೂ ಹೊಲ ಇರೋನು ಇರಲಿಲ್ವಾ?”

ಹಸಿರು ಟೋಪಿ

ಮುಂದಿನ ವರ್ಷ ಗಿಡದ ಬದಲು ಸೈಕಲ್ ಜಾಥಾ. ದೊಡ್ಡಬಳ್ಳಾಪುರದಿಂದ ಬಾಶೆಟ್ಟಿಹಳ್ಳಿಗೆ ಹೋಗಿ ಬರುವುದು. ಮುಂದಿನ ಸೈಕಲ್ ಯಾರದು ಅಂತ ಬೇರೆ ಹೇಳಬೇಕಾಗಿಲ್ಲ. ಬಟ್ಟೆಗೆ ಬಣ್ಣ ಹಾಕುವ ಒಂದು ಕಾರ್ಖಾನೆಯವರು ದೊಡ್ಡ ಮನಸ್ಸು ಮಾಡಿ ಎಲ್ಲರಿಗೂ ಹಸಿರು ಟೋಪಿ ಕೊಟ್ಟರು. ನಮ್ಮ ಹಳ್ಳದ ನೀರು ಸೋಮವಾರ ಕೆಂಪು, ಗುರುವಾರ ನೀಲಿ ಆಗಿ ಹರಿಯುವುದಕ್ಕೆ ಕಾರಣರೂ ಅವರೇ. ಆ ಬಣ್ಣವೇ ಟೋಪಿಗೂ ಬಿದ್ದಿತ್ತು ಅಂತ ಕಾಣುತ್ತದೆ. ರೈಲ್ವೆ ಗೇಟು ದಾಟುವಷ್ಟರಲ್ಲಿ ಬೆವರು ಇಳಿಯಿತು, ಬೆವರಿನ ಜೊತೆ ಬಣ್ಣವೂ ಇಳಿಯಿತು. ಕಾರ್ಖಾನೆ ಮುಂದೆ ಸೈಕಲ್ ನಿಲ್ಲಿಸಿದಾಗ ನಮ್ಮ ಹಣೆ, ಮೂಗು, ಮೀಸೆ ಎಲ್ಲ ಹಸಿರು.

ಮ್ಯಾನೇಜರು ಭಾಷಣ ಮಾಡಿ, ಇಡೀ ತಾಲ್ಲೂಕನ್ನೇ ಹಸಿರು ಮಾಡುವುದು ತಮ್ಮ ಗುರಿ ಅಂದರು. ಸುಳ್ಳಲ್ಲ, ನಮ್ಮಿಂದಲೇ ಶುರು ಮಾಡಿಬಿಟ್ಟಿದ್ದರು. ನನ್ನ ಮೀಸೆ ಮೂಲಬಣ್ಣಕ್ಕೆ ಬರುವ ತನಕ ನಾನು ತ್ಯಾಮಗೊಂಡ್ಲು ಕಡೆ ತಲೆ ಹಾಕಲಿಲ್ಲ.

ಬಿಡುವ ಪ್ರಮಾಣ

ಆಮೇಲೆ ಆಕಾಶಕ್ಕೆ ತೂತು ಬಿದ್ದ ವಿಷಯ. ಅದನ್ನು ತಿಳಿಸಲು ಬೆಂಗಳೂರಿನಿಂದ ಒಬ್ಬ ತಜ್ಞರು ನಮ್ಮೂರ ಶಾಲೆಗೆ ಬಂದರು. ಅವರ ಕಾರಿನ ಗಾಜು ಕಪ್ಪು, ಒಳಗೆ ತಂಪು. ವಾಪಸ್ ಹೋಗುವಾಗಲೂ ತಂಪಾಗಿಯೇ ಇರಲಿ ಅಂತ ಡ್ರೈವರ್ ಇಂಜಿನ್ ಆರಿಸದೆ ಬೇವಿನ ಮರದಡಿ ಕಾಯುತ್ತಿದ್ದ. ಭಾಷಣದುದ್ದಕ್ಕೂ ಅದು ಹಿಂದಿನಿಂದ ಗುರ್ ಅನ್ನುತ್ತ ತಾಳ ಹಾಕುತ್ತಿತ್ತು.

ಫ್ರಿಜ್ಜಿನಿಂದ, ತಂಪು ಮಾಡುವ ಯಂತ್ರದಿಂದ ಒಂದು ಗಾಳಿ ಹೊರಟು ಮೇಲಿನ ಪದರವನ್ನು ತಿನ್ನುತ್ತದೆ ಅಂತ ತಜ್ಞರು ಬೋರ್ಡಿನ ಮೇಲೆ ಬರೆದು ತೋರಿಸಿದರು. ಕೊನೆಗೆ ಎಲ್ಲರೂ ಎದ್ದು ನಿಂತು ಬಲಗೈ ಚಾಚಿ ಪ್ರಮಾಣ ಮಾಡಬೇಕಾಯಿತು. ನಾನು ಗಟ್ಟಿ ಗಂಟಲಲ್ಲಿ ಹೇಳಿಕೊಟ್ಟೆ. ಫ್ರಿಜ್ಜು ಬಿಡುತ್ತೇವೆ, ಅಂದರು. ಕಾರು ಬಿಡುತ್ತೇವೆ, ಅಂದರು. ಇಷ್ಟು ಸಲೀಸಾಗಿ ಪ್ರಮಾಣ ಮಾಡಿದ ಊರನ್ನು ತಾನು ನೋಡಿಯೇ ಇಲ್ಲ ಅಂತ ತಜ್ಞರಿಗೆ ಸಂತೋಷ. ಯಾರಿಗಾದರೂ ಏನಾದರೂ ಕೇಳುವುದಿದೆಯೇ ಅಂದರು.

ಹಿಂದಿನ ಸಾಲಿನಿಂದ ನಮ್ಮ ಹಾಲಿನ ಡೇರಿಯ ಕಾರ್ಯದರ್ಶಿ ಎದ್ದ. “ಪ್ರಮಾಣ ತಪ್ಪೋ ಜನ ನಾವಲ್ಲ ಸ್ವಾಮಿ. ಮೊದಲು ಮನೆಗೊಂದೊಂದು ಫ್ರಿಜ್ಜು ಕೊಡ್ಸಿ, ಹೆಂಗೆ ಬಿಡ್ತೀವಿ ನೋಡೋರಂತೆ.”

ಒಲೆ ಬಂತು

ಇವೆಲ್ಲ ಚಿಲ್ಲರೆ. ನನ್ನ ನಿಜವಾದ ಕೆಲಸ ಒಲೆ. ಹೊಗೆರಹಿತ ಒಲೆ. ಗೋಡೆಗೆ ಸೇರಿಸಿ ಕಟ್ಟುವುದು, ಸೌದೆ ಕಡಿಮೆ, ಹೊಗೆ ಎಲ್ಲ ಕೊಳವೆ ಹಿಡಿದು ಸೂರಿನ ಮೇಲೆ. ಅದರಿಂದ ಕಾಡು ಉಳಿಯುತ್ತದೆ, ಹೆಂಗಸರ ಕಣ್ಣು ಉಳಿಯುತ್ತದೆ, ಒಟ್ಟಾರೆ ಲೋಕ ಉಳಿಯುತ್ತದೆ. ನಮ್ಮೂರಿನ ಮನೆಮನೆಗೂ ಕಟ್ಟಿಸಿದೆ. ಈ ಕೆಲಸ ಸೈ ಅನ್ನಿಸಿಕೊಂಡರೆ ಎರಡನೆ ಹಂತಕ್ಕೆ ದುಡ್ಡು ಬರುತ್ತದೆ, ಬಂದರೆ ನಿನ್ನನ್ನು ಪಕ್ಕಾ ಮಾಡ್ತೀನಿ ಅಂತ ಸಾಹೇಬರು ಮಾತು ಕೊಟ್ಟಿದ್ದರು.

ಮೊದಲನೆ ಒಲೆ ನಮ್ಮ ಚಿಕ್ಕಮ್ಮನ ಮನೆಯಲ್ಲೇ ಹಚ್ಚಿಸಿದೆ. ಅನ್ನ ಬೆಂದಿತು, ಸಾರು ಕುದಿಯಿತು, ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಊರಿನ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ನಾನು ಕಾಲರ್ ಎತ್ತಿಕೊಂಡು ನಿಂತಿದ್ದೆ. ಆಮೇಲೆ ಚಿಕ್ಕಮ್ಮ ಮುದ್ದೆಗೆ ಎಸರಿಟ್ಟಳು. ಹಿಟ್ಟು ಬೆಂದ ಮೇಲೆ ಕೋಲು ಹಾಕಿ, ಸೊಂಟ ಬಗ್ಗಿಸಿ, ಇಪ್ಪತ್ತು ವರ್ಷದಿಂದ ತಿರುವುತ್ತಿದ್ದ ಹಾಗೇ ಒಮ್ಮೆ ಬಲವಾಗಿ ತಿರುವಿದಳು. ಮುದ್ದೆ ತಿರುಗಲಿಲ್ಲ, ಒಲೆ ತಿರುಗಿತು. ಎರಡನೆ ಸಲಕ್ಕೆ ಒಲೆಯ ಬಾಯಿ ಮುರಿದು ಅವಳ ಕಾಲ ಮೇಲೆ ಬಿತ್ತು.

“ಇದನ್ನ ಕಂಡುಹಿಡಿದೋನು ಬರೀ ಅನ್ನ ತಿಂದು ಬೆಳೆದೋನು ಕಣೋ” ಅಂತ ಕಾಲು ಒರೆಸಿಕೊಂಡು ಹಿತ್ತಲಿನ ಹಳೇ ಒಲೆಗೆ ಹೋದಳು. ಹಿಂದೆಯೇ ಊರಿನ ಹೆಂಗಸರೂ ಹೋದರು.

ಬಾಯಿ ಮೆತ್ತಿಸಿ ಸರಿ ಮಾಡಿಸಿದೆ. ಆದರೂ ಯಾರೂ ಅದರ ಹತ್ತಿರ ಸುಳಿಯಲಿಲ್ಲ, ಕೋಳಿಗಳನ್ನು ಬಿಟ್ಟು. ಗಾಳಿಯಿಲ್ಲ, ಬೆಕ್ಕಿನ ಕಾಟವಿಲ್ಲ, ಒಳಗೆ ಮೆತ್ತನೆ ಬೂದಿ. ಊರಿನ ಕೋಳಿಗಳೆಲ್ಲ ಅಲ್ಲೇ ಕಾವಿಗೆ ಕೂತವು.

ತಿಂಗಳ ಮೀಟಿಂಗಿನಲ್ಲಿ ಸಾಹೇಬರು ಕೇಳಿದರು, ಒಲೆಗಳಿಂದ ಹೊಗೆ ಬರುತ್ತಿದೆಯೇ ಅಂತ. ಒಂದೆಳೆಯೂ ಇಲ್ಲ ಸಾರ್ ಅಂದೆ. ವೆರಿ ಗುಡ್ ಅಂದರು. ಮೊಟ್ಟೆ ಬರುತ್ತಿದೆಯೇ ಅಂತ ಅವರು ಕೇಳಲಿಲ್ಲ.

ಹೊರಬೀಡು

ಕೊನೆಗೆ ಆ ದಿನವೂ ಹತ್ತಿರ ಬಂತು. ದುಡ್ಡು ಕೊಟ್ಟ ದೇಶದಿಂದ ಒಬ್ಬ ಮೇಡಮ್ಮು ಮಂಗಳವಾರ ಒಲೆ ನೋಡಲು ಬರುವವರಿದ್ದರು. ಅವರು ಹೂಂ ಅಂದರೆ ಎರಡನೆ ಹಂತ, ಉಹೂಂ ಅಂದರೆ ನನ್ನ ಲೂನಾ ಮಾರಾಟಕ್ಕೆ. ನಾನು ಮನೆಮನೆಗೆ ನುಗ್ಗಿ ಕೋಳಿ ಎಬ್ಬಿಸಿ, ಒಲೆಗೆ ಸುಣ್ಣ ಬಳಿಸಿ, ಮಂಗಳವಾರ ಒಂದು ದಿನ ಇದರಲ್ಲೇ ಅಡಿಗೆ ಮಾಡಿ ಅಂತ ಎಲ್ಲರಿಂದ ಮಾತು ತೆಗೆದುಕೊಂಡೆ.

ಭಾನುವಾರ ಸಂಜೆ ಊರ ಹಿರಿಯರು ಅರಳಿಕಟ್ಟೆಯಲ್ಲಿ ಕೂತು, ಮಳೆ ಹೋಗಿ ಬಹಳ ದಿನವಾಯಿತು, ಮಂಗಳವಾರ ಹೊರಬೀಡು ಅಂತ ತೀರ್ಮಾನ ಮಾಡಿದರು. ಹೊರಬೀಡು ಅಂದರೆ ಇಡೀ ಊರು ಬೆಳಕು ಹರಿಯುವ ಮುಂಚೆ ದನಕರು, ಕೋಳಿ, ಮಡಕೆ ಸಮೇತ ಮನೆ ಬಿಟ್ಟು ಆಚೆ ಹೋಗಿ ಮರದಡಿ ಅಡಿಗೆ ಮಾಡಿ ಉಣ್ಣುವುದು. ಸಂಜೆ ಪೂಜೆಯಾಗುವ ತನಕ ಊರ ಬಾಗಿಲಿಗೆ ಮುಳ್ಳು. ಒಳಗೆ ಯಾರೂ ಕಾಲಿಡುವಂತಿಲ್ಲ, ಯಾವ ಒಲೆಯಲ್ಲೂ ಕೆಂಡ ಇರುವಂತಿಲ್ಲ.

ನಾನು ಓಡಿಹೋಗಿ ಊರ ಗೌಡರನ್ನು, ಒಂದು ದಿನ ಮುಂದಕ್ಕೆ ಹಾಕಿ ಅಂತ ಬೇಡಿಕೊಂಡೆ, ಕಾಲು ಹಿಡಿಯುವುದೊಂದು ಬಾಕಿ. ಗೌಡರು ಆರಾಮಾಗಿ, “ಮಳೆರಾಯನ್ನ ಕೇಳ್ಕೊಂಬಾ” ಅಂದರು. ಎಸ್‌ಟಿಡಿ ಅಂಗಡಿಯಿಂದ ಸಾಹೇಬರಿಗೆ ಫೋನು ಮಾಡಿದೆ. ಮೇಡಮ್ಮಿನ ವಿಮಾನದ ಟಿಕೆಟ್ಟು ಬ್ರಹ್ಮ ಬಂದರೂ ಬದಲಾಗದು ಅಂದರು. ಲೋಕವೂ ಜಗ್ಗದು, ಊರೂ ಜಗ್ಗದು, ನಡುವೆ ನಾನು.

ಮಂಗಳವಾರ ಜೀಪು ಬಂದಾಗ ಊರ ಬಾಗಿಲಲ್ಲಿ ಇದ್ದದ್ದು ಒಂದು ಹೊರೆ ಜಾಲಿ ಮುಳ್ಳು ಮತ್ತು ನಾನು. ಒಳಗೆ ಒಂದು ನಾಯಿಯೂ ಇಲ್ಲ. ಸಾಲಾಗಿ ಹೆಂಚಿನ ಮನೆಗಳು, ಒಂದೊಂದು ಸೂರಿನ ಮೇಲೂ ಸುಣ್ಣ ಬಳಿದ ಕೊಳವೆ, ಮೇಲೆ ಶುಭ್ರ ನೀಲಿ ಆಕಾಶ. ಸಾಹೇಬರ ಮುಖ ಬಿಳಿಚಿಕೊಂಡಿತು. ಜನ ಎಲ್ಲಿ ಅಂತ ಮೇಡಮ್ಮು ಕೇಳಿದರು.

ಬೇರೆ ಯಾರಾಗಿದ್ದರೂ ಅಲ್ಲೇ ಕುಸಿಯುತ್ತಿದ್ದರು. ನಾನು ಎದೆ ಮುಂದೆ ಮಾಡಿ ಹೇಳಿದೆ: ನಮ್ಮ ಜನ ಆಗಾಗ ಊರಿಗೆ ಒಂದು ದಿನ ವಿಶ್ರಾಂತಿ ಕೊಡುತ್ತಾರೆ. ಅವತ್ತು ದೀಪವಿಲ್ಲ, ಬೆಂಕಿಯಿಲ್ಲ, ಗಾಡಿಯಿಲ್ಲ. ಸಾಹೇಬರು ಅದನ್ನು ಇಂಗ್ಲಿಷಿಗೆ ತಂದರು. ತರುವಾಗ ಭೂಮಿತಾಯಿ, ಋಷಿಮುನಿಗಳು, ವೇದಕಾಲ ಎಲ್ಲವನ್ನೂ ಸೇರಿಸಿದರು.

ಮೇಡಮ್ಮು ಮುಳ್ಳಿನ ಪಕ್ಕ ನಿಂತು ಬೆರಳು ಮಾಡಿ ಕೊಳವೆಗಳನ್ನು ಒಂದೊಂದಾಗಿ ಎಣಿಸಿದರು. ಎಷ್ಟೋ ದೇಶದಲ್ಲಿ ಒಲೆ ಕಟ್ಟಿಸಿದ್ದೇವೆ, ಎಲ್ಲ ಕಡೆ ಅಷ್ಟೋ ಇಷ್ಟೋ ಹೊಗೆ ಇದ್ದೇ ಇತ್ತು, ಒಂದೆಳೆಯೂ ಇಲ್ಲದ ಊರು ಇದೇ ಮೊದಲು ಅಂದರಂತೆ. ಸಾಹೇಬರು ನನ್ನ ಕೈ ಹಿಸುಕಿದರು.

ಅಷ್ಟರಲ್ಲಿ ಗಾಳಿ ತಿರುಗಿತು. ಮಾವಿನ ತೋಪಿನ ಕಡೆಯಿಂದ, ಶಿವಗಂಗೆ ಬೆಟ್ಟದಷ್ಟು ದೊಡ್ಡ ಹೊಗೆ ಎದ್ದು ನಮ್ಮ ಮೇಲೆ ಬಂತು. ಮೇಡಮ್ಮು ನೇರವಾಗಿ ಅದರೊಳಕ್ಕೇ ನಡೆದರು.

ತೋಪಿನಲ್ಲಿ ಮರಕ್ಕೊಂದು ಮೂರು ಕಲ್ಲಿನ ಒಲೆ. ಹಸಿ ಸೌದೆ, ಊದುವ ಹೆಂಗಸರು, ಕಣ್ಣು ಬಿಡಲಾಗದ ಹೊಗೆ. ನಡುವೆ ಚಿಕ್ಕಮ್ಮ ಮಡಕೆ ಅಲುಗದ ಹಾಗೆ ಕಾಲಲ್ಲಿ ಕವೆಗೋಲು ಒತ್ತಿಹಿಡಿದು ಮುದ್ದೆ ತಿರುವುತ್ತಿದ್ದಳು. ಅಷ್ಟು ಒಳ್ಳೆಯ ಒಲೆ ಮನೆಯಲ್ಲಿರುವಾಗ ಇದೇಕೆ ಅಂತ ಮೇಡಮ್ಮು ಕೇಳಿಸಿದರು.

ಚಿಕ್ಕಮ್ಮ ತಲೆ ಎತ್ತದೆ, “ಗೋಡೆ ಬಿಟ್ಟು ಬರಲ್ಲ ಅಂತು, ನಾವು ಬಂದ್ಬಿಟ್ವಿ” ಅಂದಳು.

ಒಲೆಯನ್ನು ಬಿಟ್ಟಿರಲಾಗದೆ ಸಂಕಟ ಪಡುತ್ತಿದ್ದಾರೆ ಅಂತ ಸಾಹೇಬರು ಇಂಗ್ಲಿಷಿನಲ್ಲಿ ಹೇಳಿದರು. ಮೇಡಮ್ಮಿನ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಹೊಗೆ ಕಾರಣವೋ ಮಾತು ಕಾರಣವೋ ನಾವು ವಿಚಾರಿಸಲಿಲ್ಲ. ಚಿಕ್ಕಮ್ಮನ ಕೈ ಹಿಡಿದು, ಈ ಒಂದು ದಿನದ ಕಷ್ಟವೂ ನಿಮಗಿರಬಾರದು ಅಂದರು.

ಎರಡನೆ ಹಂತ ಮಂಜೂರಾಯಿತು. ಮಾವಿನ ತೋಪಿನಲ್ಲಿ ಮನೆಗೊಂದರಂತೆ ಹೊಗೆರಹಿತ ಒಲೆ. ಗೋಡೆಯಿಲ್ಲ, ಸೂರಿಲ್ಲ, ಮರದ ಕೆಳಗೆ ಸಾಲಾಗಿ ಆಳುದ್ದದ ಕೊಳವೆಗಳು. ಅವುಗಳ ಮೇಲ್ವಿಚಾರಕ ಅಂತ ನನ್ನನ್ನು ಪಕ್ಕಾ ಮಾಡಿದರು. ಸುದ್ದಿ ಕೇಳಿ ಹುಡುಗಿಯ ಅಪ್ಪ ತ್ಯಾಮಗೊಂಡ್ಲಿನಿಂದ ಕಣ್ಣಾರೆ ನೋಡಲು ಬಂದರು.

ಕೊಳವೆಗಳ ನಡುವೆ ಒಂದು ಸುತ್ತು ಹಾಕಿ, “ಏನಪ್ಪಾ, ಇವನ್ನ ಯಾವಾಗ ಹಚ್ತಾರೆ?” ಅಂದರು.

“ಹೊರಬೀಡಿನ ದಿನ ಮಾವ. ಅದೂ ಮಳೆ ಕೈಕೊಟ್ರೆ.”

“ಮಳೆ ಆದ್ರೆ?”

“ಆ ವರ್ಷ ಹಚ್ಚಲ್ಲ.”

“ಸಂಬಳ?”

“ಅದು ತಿಂಗಳು ತಿಂಗಳು ಬರುತ್ತೆ.”

ಅವರು ಬಾಯಲ್ಲಿದ್ದ ಎಲೆಯಡಿಕೆ ಉಗುಳಿ, ಒಂದು ಕೊಳವೆಯನ್ನು ತಟ್ಟಿ ನೋಡಿದರು. “ಸರ್ಕಾರದಾಗೂ ಇಷ್ಟು ಪಕ್ಕಾ ಕೆಲಸ ಇಲ್ಲ ಕಣಪ್ಪಾ. ಶ್ರಾವಣದಾಗೇ ಮದುವೆ ಇಟ್ಕೊಳಾಣ, ಅಷ್ಟರಾಗೆ ಲೋಕದೋರಿಗೆ ಬುದ್ಧಿ ಬಂದ್ಬಿಟ್ರೆ ಕಷ್ಟ.”