ಮಾಮಾನ ಸೈಕಲ್ಲಿಗೆ ನಾನು ಗಿರಾಕಿ ಹುಡುಕಿದ್ದು

ನಮ್ಮ ಮಾಮಾನ ಹಿಂದೆ ಮೂರು ದಿನ ಸೈಕಲ್ ತುಳಿದದ್ದಕ್ಕೆ ನನಗೆ ತಗುಲಿದ ಖರ್ಚು ಏಳುನೂರಾ ಐವತ್ತು ರೂಪಾಯಿ, ಒಂದು ಜೊತೆ ಚಪ್ಪಲಿ, ಮತ್ತು ಒಂದು ವಾರ ಕುರ್ಚಿಯ ತುದಿಯಲ್ಲಷ್ಟೇ ಕೂರಬಲ್ಲ ಸ್ಥಿತಿ. ಏಳುನೂರಾ ಐವತ್ತು ಎಂಬುದು ನಾನು ಕೊಂಡ ಹಳೆಯ ಸೈಕಲ್ಲಿನ ಬೆಲೆ. ರಾಣೆಬೆನ್ನೂರಿನ ಅಂಗಡಿಯವನು ಹನ್ನೊಂದು ನೂರು ಹೇಳಿದ್ದ. ಗಂಟೆ ಸದ್ದು ಮಾಡುವುದಿಲ್ಲವೆಂದು ನೂರು ಇಳಿಸಿದೆ. ಸ್ಟ್ಯಾಂಡ್ ವಾಲಿದೆಯೆಂದು ಐವತ್ತು ಇಳಿಸಿದೆ. ಉಳಿದ ಇನ್ನೂರರಲ್ಲಿ ಐವತ್ತು ಅವನ ಬಾಯಿಂದಲೇ ಬಂತು. ಕೊನೆಯ ನೂರೈವತ್ತಕ್ಕೆ ಮಾತ್ರ ನಾನು ಅವನ ಅಂಗಡಿಯ ಮೆಟ್ಟಿಲ ಮೇಲೆ ಮುಕ್ಕಾಲು ತಾಸು ಕೂರಬೇಕಾಯಿತು. ಗೋಣಿಚೀಲ ಹೊತ್ತು ಮಾರುತ್ತ ಹಾವೇರಿಗೆ ಬಂದು ಪೈಪು, ನಲ್ಲಿಗಳ ಅಂಗಡಿ ಇಟ್ಟವನು ನಾನು. ಹೇಳಿದ ಬೆಲೆಗೇ ಕೊಂಡರೆ ಅವತ್ತಿನ ಊಟ ಮೈಗೆ ಹತ್ತುವುದಿಲ್ಲ.

ಐವತ್ತರ ಹತ್ತಿರ ಬಂದ, ಹೊಟ್ಟೆ ಇರುವ, ಸ್ಕೂಟರ್ ಇರುವ ಮನುಷ್ಯ ಸೈಕಲ್ ಯಾಕೆ ಕೊಂಡ ಎಂದು ಕೇಳುತ್ತೀರಿ. ಮಾಮಾನ ಸೈಕಲ್ ಮಾರಿಸುವುದಕ್ಕೆ!

ಮಾಮಾ ಎಂದರೆ ನನ್ನ ಅಕ್ಕನ ಗಂಡ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಮುಷ್ಟಿ ತುಂಬ ಕಾಯಿ ಹಿಡಿದು ಒಮ್ಮೆ ಅಲುಗಾಡಿಸಿದರೆ ಸಾಕು, ಅದು ಯಾವ ಊರಿನದು, ಎಷ್ಟು ದಿನ ಒಣಗಿದ್ದು, ರಾಶಿಯ ಅಡಿಯಲ್ಲಿ ಹಸಿ ಇದೆಯೇ, ಎಲ್ಲವನ್ನೂ ಹೇಳುವ ಮನುಷ್ಯ. ಐವತ್ತು ದಾಟಿದ ಮೇಲೆ ಇವರಿಗೆ ಹುಚ್ಚು ಹಿಡಿಯಿತು. ಹುಬ್ಬಳ್ಳಿಗೆ ಹೋಗಿ ಹದಿನೆಂಟು ಗೇರಿನ ಸೈಕಲ್ ತಂದರು. "ಲಾರಿಗೇ ಆರು ಗೇರ್ ಇರ್ತಾವ್ರಿ, ನಿಮಗ ಹದಿನೆಂಟು ಯಾತಕ್ಕ?" ಎಂದು ಹಮಾಲರು ಕೇಳಿದರೆ, "ಲಾರಿಗೆ ಮಣಕಾಲಿಲ್ಲಲ್ಲೋ" ಎಂದು ಉತ್ತರ. ಪೇಟೆಗೆ ರಜೆ ಬಿದ್ದ ದಿನ ಮಾಮಾ ಊರಲ್ಲಿಲ್ಲ. ಎಲ್ಲಿ ಗುಡ್ಡವಿದೆ, ಎಲ್ಲಿ ಕಾಡಿದೆ, ಎಲ್ಲಿ ಅಣೆಕಟ್ಟಿದೆ, ಅಲ್ಲಿ.

ಇಷ್ಟಾದರೆ ಹವ್ಯಾಸ ಎನ್ನಬಹುದಿತ್ತು. ಆದರೆ ಮಾಮಾನಿಗೆ ರಸ್ತೆ ರಸ್ತೆಯಾಗಿ ಕಾಣುವುದೇ ಇಲ್ಲ, ಮಾಲಾಗಿ ಕಾಣುತ್ತದೆ. ಉದ್ದಕ್ಕೆ, ಸಣ್ಣಗೆ, ಮುಗಿಯದೆ ಹೋಗುವ ಏರಿಗೆ ಕಡ್ಡಿ ಎಂದು ಹೆಸರು. ಗಿಡ್ಡಗೆ ಉಬ್ಬಿಕೊಂಡ ಏರಿಗೆ ಡಬ್ಬಿ. ಎರಡೂ ನಮ್ಮೂರ ಮೆಣಸಿನಕಾಯಿಯ ಜಾತಿಗಳೇ. ತುಳಿಯುವವನ ಕಣ್ಣಲ್ಲಿ ನೀರು ತರಿಸುವ ಏರು ಬಂದರೆ ಮಾತ್ರ ಮಾಮಾ ಗೌರವದಿಂದ ಇಳಿದು, "ಇದು ಗುಂಟೂರು" ಎನ್ನುತ್ತಾರೆ.

ಅಂಥ ಒಂದು ಗುಂಟೂರಿನ ಮೇಲಿಂದ ಹೋದ ವರ್ಷ ಇಳಿಯುವಾಗ ಬಿದ್ದರು. ಎಡ ಮೊಣಕಾಲು ಪಪ್ಪಾಯಿಯಷ್ಟು ಊದಿತು. ಮೂರು ತಿಂಗಳು ಅಂಗಡಿಯ ಗಾದಿಯ ಮೇಲೆ ಕಾಲು ಚಾಚಿಕೊಂಡೇ ವ್ಯಾಪಾರ. ವಾಸಿಯಾದ ಮರುದಿನವೇ ಟಯರಿಗೆ ಗಾಳಿ ಹಾಕುತ್ತ ಕೂತದ್ದನ್ನು ಕಂಡು ಅಕ್ಕ ನನಗೆ ಹೇಳಿಕಳಿಸಿದಳು.

"ನೀ ಒಂದ್ಸಲ ಅವರ ಜೋಡಿ ಹೋಗಿ ಬಾ ತಮ್ಮಾ. ಮಣಕಾಲು ತಡೀತಾವಂದ್ರ ಹೊಡೀಲಿ, ನಾ ಏನೂ ಅನ್ನಂಗಿಲ್ಲ. ತಡ್ಯಂಗಿಲ್ಲಂದ್ರ ಬಂದು ಖರೇ ಹೇಳು. ಅವತ್ತ ಸೈಕಲ್ ಮಾರಿಬಿಡೂದು. ನೀ ಹೇಳಿದ್ದ ಕಡೀ ಮಾತು ಅಂತ ಅವರೂ ಒಪ್ಪ್ಯಾರ."

"ಮಾಮಾ ಇದಕ್ಕ ಹೆಂಗ ಒಪ್ಪಿದ್ರು?"

"ನೀ ಅರ್ಧಾ ದಾರಿಗೇ ಬಸ್ ಹತ್ತತಿ ಅಂತ."

ಪಂಚನಾದವನು ನಿಷ್ಪಕ್ಷಪಾತಿಯಾಗಿರಬೇಕು, ಒಪ್ಪುತ್ತೇನೆ. ಆದರೆ ನಾನು ಹೊರಡುವ ಮೊದಲೇ ಮೋಟೆಬೆನ್ನೂರಿನ ರೈತರೊಬ್ಬರನ್ನು ಗೊತ್ತುಮಾಡಿ, ನಾಲ್ಕೂವರೆ ಸಾವಿರಕ್ಕೆ ಮಾತು ಮುಗಿಸಿ ಇಟ್ಟಿದ್ದೆ. ಮಾಲು ಕೈಬಿಡುವ ಸಂದರ್ಭ ಬಂದಾಗ ಗಿರಾಕಿ ಹುಡುಕಲು ಹೋದರೆ ಬೆಲೆ ಬೀಳುತ್ತದೆ. ಇದು ನೀವೂ ನೆನಪಿಡಬೇಕಾದ ಮಾತು.

ಮೊದಲು ಒಂದು ದಿನದ ತಾಲೀಮು. ರಾಣೆಬೆನ್ನೂರಿನ ಕೃಷ್ಣಮೃಗಗಳ ಕಾಡಿಗೆ ಹೋಗಿ ಬರುವುದು. ಹೆದ್ದಾರಿ ಅಗಲ ಮಾಡುತ್ತಿದ್ದ ಕಾಲ ಅದು. ಹೋಗುವಷ್ಟರಲ್ಲಿ ಇಬ್ಬರೂ ಜೋಳದ ಹಿಟ್ಟಿನಲ್ಲಿ ಹೊರಳಿದವರಂತಾಗಿದ್ದೆವು. ನೀಲಗಿರಿ ಗಿಡಗಳ ನಡುವೆ ನಾಲ್ಕು ಜಿಂಕೆ ನಿಂತು ನಮ್ಮನ್ನೇ ನೋಡಿದವು. ನಾನು ದಮ್ಮು ಹತ್ತಿ ನೆಲಕ್ಕೆ ಕೂತೆ.

"ಸುಮ್ನ ಕುಂದ್ರು," ಎಂದರು ಮಾಮಾ. "ಸತ್ತಾನೋ ಇದ್ದಾನೋ ಅಂತ ನೋಡಾಕ ಬಂದಾವು."

ಬರುವಾಗ ಹಲಗೇರಿಯ ಮೇಲೆ ಬಂದೆವು. ಊರ ಮುಂದೆ ಎತ್ತಿನ ಮೈ ತೊಳೆಯುತ್ತಿದ್ದ ಮುದುಕರೊಬ್ಬರು ಮಾಮಾನ ಗುರುತು ಹಿಡಿದರು. ಅವರ ಕಾಯಿ ಬರುವುದು ಮಾಮಾನ ಅಂಗಡಿಗೇ. ಸೈಕಲ್ಲನ್ನೂ ಮಾಮಾನ ಮೋರೆಯನ್ನೂ ಎರಡು ಸಲ ನೋಡಿ, ದನಿ ತಗ್ಗಿಸಿ ಕೇಳಿದರು:

"ಯಾಕ್ರಿ ಸಾಹುಕಾರ್ರ, ಅಂಗಡಿ ಆರಾಮ ಐತಿಲ್ರಿ? ಈ ಸಲದ ಕಾಯಿ ನಿಮ್ಮಲ್ಲೇ ಹಾಕಬೇಕು ಅಂತ ಮಾಡೇನಿ. ಬ್ಯಾರೇ ಕಡೆ ನೋಡ್ಕೊಳ್ಳೇನ್ರಿ?"

ಆ ಮುದುಕರಿಗೆ ಅಂಗಡಿ ಗಟ್ಟಿಯಾಗಿದೆ ಎಂದು ಒಪ್ಪಿಸುವುದಕ್ಕೆ ಮೂರು ಲೋಟ ಚಹಾ ಕುಡಿಯಬೇಕಾಯಿತು. ಮಾಮಾನ ಮೊಣಕಾಲು ಅವತ್ತು ಒಂದು ಮಾತೂ ಆಡಲಿಲ್ಲ. ಆಡಿದ್ದು ನನ್ನದು.

ನಿಜವಾದ ಪರೀಕ್ಷೆ ಮುಂದಿನ ವಾರ. ಬ್ಯಾಡಗಿಯಿಂದ ಕಾಗಿನೆಲೆ, ಹಾನಗಲ್ಲು ದಾಟಿ, ಕಾಡು ಹೊಕ್ಕು, ಮಳಗಿಯ ಹತ್ತಿರದ ಧರ್ಮಾ ಜಲಾಶಯದವರೆಗೆ. ಬೆಳಕು ಹರಿಯುವ ಮೊದಲೇ ಮಾಮಾ ನನ್ನ ಸೈಕಲ್ಲಿನ ಟ್ಯೂಬು ಬದಲಿಸುತ್ತ ಕೂತಿದ್ದರು. ಕರೆಂಟ್ ಇರಲಿಲ್ಲ. ಟ್ಯೂಬು ಟಯರಿಗೆ ಅಂಟಬಾರದೆಂದು ಪೌಡರ್ ಉದುರಿಸುತ್ತಾರಲ್ಲ, ಅದನ್ನೂ ಧಾರಾಳವಾಗಿ ಉದುರಿಸಿದರು.

ಕಾಗಿನೆಲೆಯವರೆಗೆ ಮಾಮಾ ಹಾಡುತ್ತ ಹೋದರು. ಎರಡೂ ಕಡೆ ಕೆಂಪಗೆ ಹಣ್ಣಾದ ಮೆಣಸಿನ ಹೊಲಗಳು, ತಂಪು ಗಾಳಿ. ನನಗೇ ಉತ್ಸಾಹ ಉಕ್ಕಿ, ಇಳಿಜಾರಿನಲ್ಲಿ ಎರಡೂ ಕೈ ಬಿಟ್ಟು ಹೊಡೆದೆ. ಒಂದು ಚಪ್ಪಲಿ ಹೋದದ್ದು ಅಲ್ಲೇ. ಹಾನಗಲ್ಲಿಗೆ ಎರಡು ಹರದಾರಿ ಇದೆ ಎನ್ನುವಾಗ ಹಿಂದಿನ ಗಾಲಿ ಕೂತಿತು. ರಸ್ತೆ ಪಕ್ಕದಲ್ಲೇ ಪಂಕ್ಚರ್ ಅಂಗಡಿ, ಅದಕ್ಕೆ ಹತ್ತಿಕೊಂಡೇ ಚಹಾದ ಅಂಗಡಿ. ಪಂಕ್ಚರ್ ಹಾಕುವವರು ಟಯರ್ ಬಿಚ್ಚಿ ಟ್ಯೂಬನ್ನು ಜಗ್ಗಿ ಎಳೆದರು. ಫಸ್ ಎಂದು ಕೆಂಪು ಧೂಳು ಎದ್ದಿತು.

ಅವರು ಸೀನಿದರು. ನಾನು ಸೀನಿದೆ. ಚಹಾ ಕುಡಿಯುತ್ತಿದ್ದ ಐದು ಜನ ಸೀನುತ್ತ ಎದ್ದು ರಸ್ತೆಯ ಆಚೆ ಹೋಗಿ ನಿಂತರು. ಕತ್ತಲಲ್ಲಿ ಮಾಮಾ ಉದುರಿಸಿದ್ದು ಪೌಡರ್ ಡಬ್ಬಿಯಲ್ಲಿ ಅಕ್ಕ ತುಂಬಿಟ್ಟಿದ್ದ ಖಾರದ ಪುಡಿ! ಬೇರೆ ಯಾರೇ ಆಗಿದ್ದರೂ ಮುಚ್ಚಳ ತೆಗೆದೊಡನೆ ಮೂಗಿಗೆ ಗೊತ್ತಾಗುತ್ತಿತ್ತು. ಮೂವತ್ತು ವರ್ಷ ಮೆಣಸಿನಕಾಯಿಯ ರಾಶಿಗಳ ನಡುವೆ ಕೂತ ಮೂಗಿಗೆ ಅದು ಬರೀ ಗಾಳಿ.

ಪಂಕ್ಚರಿನವರು ಕಣ್ಣೊರೆಸಿಕೊಂಡು ಕೇಳಿದ್ದು ಒಂದೇ ಮಾತು. "ಬ್ಯಾಡಗಿಯವರೇನ್ರಿ?"

ಮಾಮಾನಿಗೆ ನಾಚಿಕೆಯಾದರೂ ಆಯಿತೇ? ಟ್ಯೂಬಿನ ಮೇಲಿಂದ ಚಿಟಿಕೆ ಪುಡಿ ತೆಗೆದು ಬೆಳಕಿಗೆ ಹಿಡಿದರು. "ಡಬ್ಬಿ ಕಾಯಿದು. ಬಣ್ಣ ನೋಡ್ರಿ ಹೆಂಗ ಐತಿ. ಖಾರ ಭಾಳ ಇಲ್ಲ."

"ಭಾಳ ಇದ್ರ ನಾವು ಉಳೀತಿದ್ದಿಲ್ಲ ಬಿಡ್ರಿ," ಎಂದರು ಅವರು ಮತ್ತೊಂದು ಸೀನಿನ ನಡುವೆ.

ನಾನು ಅಲ್ಲೇ ವ್ಯವಹಾರ ಕುದುರಿಸಿದೆ. ಮಾಮಾನ ಚೀಲದಲ್ಲಿ ಮಾದರಿಗೆಂದು ಅರ್ಧ ಕಿಲೋ ಕಾಯಿ ಇತ್ತು. ಅದನ್ನು ಕೊಟ್ಟೆ, ಪಂಕ್ಚರಿನ ಜೊತೆಗೆ ಚೈನಿಗೆ ಎಣ್ಣೆಯನ್ನೂ ಹಾಕಿಸಿಕೊಂಡೆ.

ಅವತ್ತು ಹಾನಗಲ್ಲಿನಲ್ಲಿ ಪರಿಚಯದವರ ಮನೆಯಲ್ಲಿ ವಸ್ತಿ. ಮರುದಿನ ಕಾಡಿನ ದಾರಿ. ತೇಗದ ಎಲೆಗಳ ಮೇಲೆ ಮಂಜಿನ ಹನಿ ಟಪಟಪ ಬೀಳುತ್ತಿತ್ತು. ರಸ್ತೆ ಒಮ್ಮೆ ಏರಿ, ಒಮ್ಮೆ ಇಳಿದು, ಮತ್ತೆ ಏರಿ, ಮನುಷ್ಯನನ್ನು ಪೂರ್ತಿ ಕೊಲ್ಲದೆ ಕಾಡುತ್ತಿತ್ತು. ಮಾಮಾ ಮುಂದೆ ಕಡ್ಡಿ, ಡಬ್ಬಿ ಎಂದು ಕೂಗುತ್ತ ಹೋಗುವುದು, ನಾನು ಹಿಂದೆ ಅವರ ಎಡ ಮೊಣಕಾಲನ್ನೇ ನೋಡುತ್ತ ತುಳಿಯುವುದು. ಮಳಗಿ ತಲುಪಿದಾಗ ಮಾಮಾ ವಿಚಿತ್ರವಾದ ಮಾತು ತೆಗೆದರು.

"ನಿನ್ನ ಸೈಕಲ್ ಇಲ್ಲೇ ಈ ಹೋಟೆಲಿನಾಗ ಬಿಡು. ನನ್ನ ಹಿಂದ ಕ್ಯಾರಿಯರ್ ಮ್ಯಾಲ ಕುಂಡ್ರು."

"ಯಾಕ್ರಿ ಮಾಮಾ? ನಾ ತುಳೀತೀನಿ."

"ಕುಂಡ್ರು ಅಂದ್ರ ಕುಂಡ್ರು. ಎರಡೂ ಕಾಲು ಒಂದ ಕಡೆ ಬಿಟ್ಟು ಕುಂಡ್ರು."

ಹೆಂಗಸರ ಹಾಗೆ ಒಂದೇ ಕಡೆ ಕಾಲು ಬಿಟ್ಟು ಕೂತೆ. ದಾರಿಯಲ್ಲಿ ಕಟ್ಟಿಗೆ ಹೊತ್ತು ಬರುತ್ತಿದ್ದ ಇಬ್ಬರು ಹೆಣ್ಣುಮಕ್ಕಳು ಹೊರೆ ಇಳಿಸಿ ನಕ್ಕರು. ಮಾಮಾ ನಗಲಿಲ್ಲ. ಪ್ರತಿ ತಗ್ಗಿಗೂ "ಈಗ ಜಗ್ಗಿತೇನು?", ಪ್ರತಿ ತಿರುವಿಗೂ "ಈಗ ಹೊಟ್ಟಿ ತೊಳಸತೈತೇನು?" ಎಂದು ಕೇಳುತ್ತಿದ್ದರು. ಕೊನೆಯ ಏರಿನ ಅರ್ಧಕ್ಕೆ ಅವರ ಮೊಣಕಾಲು ಕಟಕ್ ಎಂದದ್ದು ನನಗೂ ಕೇಳಿಸಿತು. ಇಳಿದು, ಏನೂ ಆಗದವರಂತೆ ಸೈಕಲ್ ತಳ್ಳಿದರು. ನಾನು ಮನಸ್ಸಿನಲ್ಲೇ ಮೋಟೆಬೆನ್ನೂರಿಗೆ ಫೋನು ಹಚ್ಚಿದೆ.

ಏರು ಮುಗಿದೊಡನೆ ಮುಂದೆಲ್ಲ ನೀರು. ಗುಡ್ಡಗಳ ಬುಡದವರೆಗೂ ನೀರು, ಅದರಲ್ಲಿ ತಲೆಕೆಳಗಾದ ಕಾಡು, ಬಿಳಿ ಹಕ್ಕಿಗಳ ಒಂದು ಸಾಲು. ಮಾಮಾ ಕಲ್ಲಿನ ಮೇಲೆ ಕೂತು ಮೊಣಕಾಲು ಒತ್ತಿಕೊಳ್ಳುತ್ತ ಹೇಳಿದರು:

"ನೀ ಅರವತ್ತೆಂಟು ಕಿಲೋ. ನಿಮ್ಮಕ್ಕನೂ ಅಷ್ಟ. ಅದಕ್ಕ ನಿನ್ನ ಕರ್ಕೊಂಡು ಬಂದೆ."

"ನನ್ನ ತೂಕ ನಿಮಗ ಹೆಂಗ ಗೊತ್ತು?"

"ಮೊನ್ನೆ ಅಂಗಡ್ಯಾಗ ತಕ್ಕಡಿ ಮ್ಯಾಲ ನಿಂತಿದ್ದೆಲ್ಲ. ಆಕಿದು ಕಣ್ಣಂದಾಜು. ಮೂವತ್ತು ವರ್ಷ ಚೀಲ ನೋಡಿ ತೂಕ ಹೇಳಾಂವ ನಾ. ಆಕಿ ಮುಂದ ಮಾತ್ರ ಅನಬ್ಯಾಡ."

ನಮ್ಮ ಅಕ್ಕನಿಗೆ ಹುಟ್ಟಿನಿಂದಲೂ ಮೋಟಾರು ಗಾಡಿ ಆಗಿಬರುವುದಿಲ್ಲ. ಬಸ್ಸಿನ ಹೊಗೆ ಮೂಗಿಗೆ ಬಿದ್ದರೆ ಸಾಕು, ವಾಂತಿ. ಮದುವೆಯ ದಿನವೂ ಎತ್ತಿನ ಚಕ್ಕಡಿಯಲ್ಲೇ ಬಂದವಳು. ಅವಳ ಜಗತ್ತು ರೈಲು ಹಳಿಯ ಉದ್ದಕ್ಕೆ ಹಾವೇರಿ, ರಾಣೆಬೆನ್ನೂರು, ಅಷ್ಟೇ. ಈ ಕಾಡಿಗೆ ರೈಲಿಲ್ಲ. ಅವಳು ಇಷ್ಟು ನೀರನ್ನು ಒಂದೇ ಕಡೆ ಕಂಡವಳಲ್ಲ ಎಂಬುದು, ಅವಳ ಬೆನ್ನಿಗೆ ಹುಟ್ಟಿದ ನನಗೆ ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ.

"ಐದು ವರ್ಷ ಎಲ್ಲಾ ದಾರಿ ನೋಡಿದೆ," ಎಂದರು ಮಾಮಾ. "ಈ ದಾರಿ ಒಂದ ಆಕಿಗೆ ತಡೀತೈತಿ. ಮಣಕಾಲು ಕೈಕೊಟ್ಟಿತು ನೋಡು. ನೀ ಖರೇ ಹೇಳಾಂವ. ಏನ ಹೇಳ್ತಿ ಹೇಳು, ನಾ ಬ್ಯಾಡ ಅನ್ನಂಗಿಲ್ಲ."

ಬರುವಾಗ ಎರಡೂ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿದೆ. ದಾರಿಯುದ್ದಕ್ಕೂ ಮಾಮಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಮನೆಯಲ್ಲಿ ಅಕ್ಕ ಚಹಾ ಕೊಟ್ಟು ಎದುರಿಗೇ ಕೂತಳು.

"ಹೇಳು. ತಡೀತಾವೋ ಇಲ್ಲೋ?"

"ಬಯಲಾಗ ತಡೀತಾವು. ಏರಿನಾಗ ತಡ್ಯಂಗಿಲ್ಲ."

ಮಾಮಾ ತಲೆ ತಗ್ಗಿಸಿದರು. "ಹಂಗಾರ ಮಾರೂದ," ಎಂದಳು ಅಕ್ಕ.

"ಮಾರೂದಲ್ಲ. ಏರು ಬಂದಾಗ ಇಳಿದು ನಡೀಬೇಕು."

"ಯಾರು?"

"ನೀ."

ಆಮೇಲೆ ಎಲ್ಲವನ್ನೂ ಹೇಳಿದೆ, ತೂಕದ ಸಂಗತಿಯೊಂದನ್ನು ಬಿಟ್ಟು. ಅಕ್ಕ ಗಂಡನ ಮುಖ ನೋಡಲಿಲ್ಲ. ಸೆರಗಿನಿಂದ ಚಹಾದ ಬಸಿಯನ್ನು ಬಹಳ ಹೊತ್ತು ಒರೆಸಿದಳು. ಒದ್ದೆಯಾಗಿರದ ಬಸಿ ಅದು. ಕೊನೆಗೆ, "ಎಷ್ಟ ದಿನದ ರೊಟ್ಟಿ ಬಡೀಬೇಕು?" ಎಂದಳು.

ಮೋಟೆಬೆನ್ನೂರಿನವರಿಗೆ ಸೈಕಲ್ ಕೊಡುವುದಿಲ್ಲವೆಂದು ಫೋನಿನಲ್ಲಿ ಹೇಳಿದೆ. ಅವರು ತಾವಾಗಿಯೇ ಐದುನೂರು ಏರಿಸಿದರು. ಜೀವನದಲ್ಲಿ ಮೊದಲ ಸಲ ನಾನು ಏರಿದ ಬೆಲೆ ಕೇಳಿಯೂ ಫೋನು ಇಟ್ಟೆ.

ಸಂಕ್ರಾಂತಿಗೆ ಮೊದಲು ಮೂವರೂ ಹೋಗಿಬಂದೆವು. ನೀವೂ ಹೀಗೆ ಹೊರಡುವುದಿದ್ದರೆ ಕೆಲವು ಮಾತು. ಕ್ಯಾರಿಯರಿಗೆ ಸ್ಪಂಜು ಕಟ್ಟಬೇಡಿ, ಜಾರುತ್ತದೆ. ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಗ್ಗದಿಂದ ಬಿಗಿಯಿರಿ. ಕಾಲಿಡಲು ಅರ್ಧ ಇಂಚಿನ ಪೈಪನ್ನು ಬೆಸುಗೆ ಹಾಕಿಸಿ, ಪೈಪು ಕೊಳ್ಳುವಾಗ ತೂಗಿ ನೋಡಿ. ಸೀರೆಯ ಅಂಚು ಗಾಲಿಗೆ ಸಿಗದಂತೆ ತಂತಿಯ ಜಾಲರಿ ಹಾಕಿಸಿ. ಹಾನಗಲ್ಲಿನಲ್ಲಿ ವಸ್ತಿ ಮಾಡಿ, ಒಂದೇ ದಿನಕ್ಕೆ ಮುಗಿಸುವ ಜಿದ್ದು ಬೇಡ. ಏರು ಬಂದಾಗ ಇಬ್ಬರನ್ನೂ ಇಳಿಸಿ. ನಮ್ಮ ಕಡೆ ಗಂಡ ಹತ್ತು ಹೆಜ್ಜೆ ಮುಂದೆ, ಹೆಂಡತಿ ಹತ್ತು ಹೆಜ್ಜೆ ಹಿಂದೆ ನಡೆಯುವುದು ರೂಢಿ, ನೀವು ನೋಡಿರುತ್ತೀರಿ. ಸೈಕಲ್ ತಳ್ಳುವ ಏರಿನಲ್ಲಿ ಅದು ನಡೆಯುವುದಿಲ್ಲ, ಒಬ್ಬರು ಹ್ಯಾಂಡಲ್ ಹಿಡಿದರೆ ಇನ್ನೊಬ್ಬರು ಪಕ್ಕದಲ್ಲೇ ಸೀಟು ಹಿಡಿಯಬೇಕಾಗುತ್ತದೆ. ಜೊತೆಗೆ ಹೋದವರು ನೀವಾಗಿದ್ದರೆ ಬೇಗ ಬೇಗ ತುಳಿದು ಮೇಲೆ ಹೋಗಿ ನಿಲ್ಲಿ. ಅವರು ತಡವಾಗಿಯೇ ಬರುತ್ತಾರೆ. ಗಂಟೆ ಬಾರಿಸಿ ಕರೆಯಬೇಡಿ.