ಯಾವ ಸಿಮ್ಮಾದರೂ ಸೈ

ಬಾಯಿ ಒಂದು ಸುಮ್ಮನಿದ್ದಿದ್ದರೆ ಟೈಲರಿಗೆ ಈ ಗತಿ ಬರುತ್ತಿರಲಿಲ್ಲ. ಅವನ ಅಂಗಡಿಯಿದ್ದ ಕಟ್ಟಡದವರೆಲ್ಲ ಒಂದೇ ಕಂಪನಿಯ ಅಗ್ಗದ ಫೋನು ಕೊಂಡಾಗ ಇವನೊಬ್ಬ ಕೊಳ್ಳಲಿಲ್ಲ. ಆ ಫೋನಿಗೆ ಕಂಪನಿಯವರು ಬೀಗ ಹಾಕಿ ಮಾರಿದ್ದರು. ಅವರ ಸಿಮ್ ಬಿಟ್ಟು ಬೇರೆ ಯಾವುದನ್ನು ಹಾಕಿದರೂ ಅದು ಮುಖ ತಿರುಗಿಸುತ್ತಿತ್ತು. ಟೈಲರ್ ಮಾತ್ರ ಪೂರ್ತಿ ಬೆಲೆ ತೆತ್ತು ಬೀಗವಿಲ್ಲದ ಫೋನು ತಂದ. ತಂದವನು ಜೇಬಿನಲ್ಲಿಟ್ಟುಕೊಂಡು ತೆಪ್ಪಗಿರಬೇಕೋ ಬೇಡವೋ? ಮೆಟ್ಟಿಲ ಮೇಲೆ ಸಿಕ್ಕಸಿಕ್ಕವರಿಗೆಲ್ಲ ತೋರಿಸಿ, "ಇದಕ್ಕೆ ಯಾವ ಸಿಮ್ಮಾದರೂ ಸೈ. ನಾನು ಯಾರ ಹಂಗಿಗೂ ಬೀಳೋನಲ್ಲ" ಎಂದು ಕೊಚ್ಚಿಕೊಂಡ.

ಅವನ ಜಾಯಮಾನವೇ ಹಾಗೆ. ಹೋದ ವರ್ಷ ಮಗಳು ರೆಡಿಮೇಡ್ ಬಟ್ಟೆಯ ಕಾರ್ಖಾನೆಗೆ ಕೆಲಸಕ್ಕೆ ಸೇರಿದಾಗಲೂ ಅದೇ ಮೆಟ್ಟಿಲ ಮೇಲೆ ನಿಂತು ಊರಿಗೆಲ್ಲ ಕೇಳುವಂತೆ ಕೂಗಾಡಿದ್ದ. "ರಾಶಿ ರಾಶಿ ಶರ್ಟು ಹೊಲಿದು ಗುಡ್ಡೆ ಹಾಕೋಳು ನನ್ನ ಮಗಳೇ ಅಲ್ಲ! ಇನ್ನು ಅವಳ ಹತ್ರ ಮಾತಾಡಿದ್ರೆ ಕೇಳಿ!" ಮಗಳೂ ಅವನದೇ ಮಗಳು. ಸೂಟ್‌ಕೇಸ್ ಎತ್ತಿಕೊಂಡು ಹೋದವಳು ತಿರುಗಿ ನೋಡಲಿಲ್ಲ. ಇವನು ಸಿಟ್ಟಿನ ಭರದಲ್ಲಿ ಅವಳ ನಂಬರನ್ನೂ ಫೋನಿನಿಂದ ಅಳಿಸಿಬಿಟ್ಟ. ಸಿಟ್ಟು ಇಳಿಯಿತು, ನಂಬರು ಹೋಗಿಯಾಗಿತ್ತು. ಅಂಗಡಿ ಬಿಕೋ ಎನ್ನುತ್ತಿತ್ತು. ಬಟ್ಟೆ ಕತ್ತರಿಸುತ್ತ ಕತ್ತರಿಸುತ್ತ ಅವನ ಕೈ ಎಷ್ಟೋ ಸಲ ಹಾಗೇ ನಿಂತುಬಿಡುತ್ತಿತ್ತು. ಅವಳ ನೆನಪಾಗುತ್ತಿದೆ ಎಂದು ಯಾರ ಹತ್ತಿರವಾದರೂ ಹೇಳಿಕೊಳ್ಳೋಣವೆಂದರೆ, ಯಾವ ಮುಖ ಇಟ್ಟುಕೊಂಡು ಹೇಳುವುದು?

ಒಂದು ದಿನ ಅವನ ಅಕ್ಕ ಫೋನ್ ಮಾಡಿದಳು. ಅವಳು ಊರಾಚೆಯ ಶಾಲೆಯೊಂದರಲ್ಲಿ ಟೀಚರು. "ಲೋ, ನಾಳೆ ನಿನ್ನ ಮಗಳು ನಿಂಗೆ ಫೋನ್ ಮಾಡ್ತಾಳೆ. ಒಂದೇ ಸಲ ಅಂತೆ. ನೀನು ಎತ್ತಲಿಲ್ಲ ಅಂದ್ರೆ ಇನ್ನು ಜನ್ಮದಲ್ಲಿ ಮಾಡಲ್ವಂತೆ. ನೆಟ್ಟಗೆ ಮಾತಾಡು."

"ಮಾಡಿದ್ರೆ ಮಾಡ್ಲಿ ಬಿಡು" ಎಂದ ಟೈಲರ್. ಅಂದವನು ಮಾರನೆಯ ದಿನ ಎಂದಿಗಿಂತ ಮುಂಚೆ ಅಂಗಡಿ ತೆಗೆದು, ಫೋನನ್ನು ಹೊಲಿಗೆ ಮಿಷನ್ನಿನ ಮೇಲೆ ಕಣ್ಣೆದುರಿಗೇ ಇಟ್ಟುಕೊಂಡು ಕೂತ.

ಅವತ್ತೇ ಆ ಅಗ್ಗದ ಕಂಪನಿಯ ನೆಟ್‌ವರ್ಕ್ ಕೆಟ್ಟು ಕೂರಬೇಕೆ! ಕಟ್ಟಡದ ಫೋನುಗಳೆಲ್ಲ ಮೂಕವಾದವು. ಕಷ್ಟಕಾಲಕ್ಕಿರಲಿ ಎಂದು ಎಲ್ಲರ ಡ್ರಾಯರಿನಲ್ಲೂ ಬೇರೆ ಕಂಪನಿಯ ಸಿಮ್ಮೊಂದು ಇತ್ತು, ನಿಜ. ಆದರೆ ಬೀಗದ ಫೋನು ಅದನ್ನು ಒಳಗೆ ಬಿಟ್ಟುಕೊಳ್ಳಬೇಕಲ್ಲ. ಆಗ ಎಲ್ಲರಿಗೂ ಟೈಲರ್ ನೆನಪಾದ.

ಮೊದಲು ಬಂದವರು ಪಕ್ಕದ ಕನ್ನಡಕದಂಗಡಿಯವರು. "ಟೈಲರೇ, ಎರಡು ನಿಮಿಷ ನಿಮ್ಮ ಫೋನು ಕೊಡಿ. ನನ್ನ ಸಿಮ್ ಹಾಕಿ ಒಂದು ಮಾತು ಹೇಳ್ಬಿಡ್ತೀನಿ. ಗಾಜು ತರೋ ಗಾಡಿಯವನು ದಾರಿ ತಪ್ಪಿ ಎಲ್ಲೋ ನಿಂತಿದಾನೆ."

"ಇವತ್ತು ಬೇಡ ಸಾರ್."

"ಯಾಕೆ? ನಿಮಗೆ ಯಾರದ್ದಾದ್ರೂ ಫೋನ್ ಬರೋದಿದ್ಯಾ?"

ಹೌದು ಎಂದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಯಾರದ್ದು ಎಂದು ಇನ್ನೊಂದು ಪ್ರಶ್ನೆ ಬರುತ್ತದೆ. ಅವತ್ತು ಮೆಟ್ಟಿಲ ಮೇಲೆ ಆಡಿದ ಮಾತಿಗೆ ಈ ಕನ್ನಡಕದವರೇ ಮುಂದಿನ ಸಾಲಿನ ಶ್ರೋತೃ. ಟೈಲರ್ "ನಂಗ್ಯಾರು ಮಾಡ್ತಾರೆ? ತಗೊಳ್ಳಿ" ಎಂದುಬಿಟ್ಟ. ಸೂಜಿಯ ಮೊನೆಯಿಂದ ಫೋನಿನ ಪಕ್ಕದ ತೂತು ಒತ್ತಿ ತನ್ನ ಸಿಮ್ ಹೊರತೆಗೆದ. ಅದರಲ್ಲಿ ಇದ್ದದ್ದು ಒಂದೇ ಸಿಮ್ಮಿಗೆ ಜಾಗ. ಗುಂಡುಪಿನ್ನು ಕಚ್ಚಿಕೊಳ್ಳುವ ಅಭ್ಯಾಸಬಲದಿಂದ ಸಿಮ್ಮನ್ನು ತುಟಿಗಳ ನಡುವೆ ಕಚ್ಚಿಕೊಂಡ. ಗಾಡಿಯವನಿಗೆ ದಾರಿ ಹೇಳಿ ಮುಗಿಯುವಷ್ಟರಲ್ಲಿ ಒಂದು ಸೀನು ಬಂದು, ಸಿಮ್ ಗಂಟಲಿಗೆ ಇಳಿಯುವುದು ಸ್ವಲ್ಪದರಲ್ಲಿ ತಪ್ಪಿತು.

ಫೋನು ಕೈಗೆ ಬರುವ ಹೊತ್ತಿಗೆ ಮೇಲಿನ ಮನೆಯ ನರ್ಸಮ್ಮ ಮೆಟ್ಟಿಲಿಳಿದು ಬಂದಾಗಿತ್ತು. ಕೆಲಸದಿಂದ ನಿವೃತ್ತಿಯಾದ ಮೇಲೂ ಆಕೆಯ ಮಾತಿಗೆ ಎದುರು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. "ಏನಪ್ಪಾ, ಅವರಿಗೆ ಕೊಟ್ಟೆಯಂತೆ. ನಂಗೂ ಸ್ವಲ್ಪ ಕೊಡು. ನನ್ನ ತಂಗಿಗೆ ಮಂಡಿ ಆಪರೇಷನ್ ಆಗಿದೆ. ಹೇಗಿದಾಳೋ ಏನೋ."

ಮಂಡಿ ಆಪರೇಷನ್ನಿಗೆ ಇಲ್ಲ ಎನ್ನುವುದು ಹೇಗೆ? ಈ ಸಲ ಟೈಲರ್ ಬುದ್ಧಿವಂತನಾದ. ಬಾಯಲ್ಲಿ ಬೇಡ ಎಂದು, ಎದುರಿಗೆ ಹ್ಯಾಂಗರಿನಲ್ಲಿ ತೂಗುತ್ತಿದ್ದ ಹೊಸ ಕಪ್ಪು ಕೋಟಿನ ಒಳಜೇಬಿನಲ್ಲಿ ಸಿಮ್ಮನ್ನು ಜೋಪಾನವಾಗಿ ಇಟ್ಟ.

ನರ್ಸಮ್ಮ ಸ್ಟೂಲಿನ ಮೇಲೆ ಆರಾಮಾಗಿ ಕೂತು ಶುರುಮಾಡಿದಳು. ಮಂಡಿಯಿಂದ ಮಾತು ಸೊಂಟಕ್ಕೆ ಹೋಯಿತು, ಸೊಂಟದಿಂದ ಸೊಸೆಗೆ ಬಂತು. ಸೊಸೆಯ ವಿಷಯ ಬಂದ ಮೇಲೆ ಬೇಗ ಮುಗಿಯುವುದುಂಟೆ? ಟೈಲರಿಗೆ ಮುಳ್ಳಿನ ಮೇಲೆ ಕೂತ ಹಾಗಾಯಿತು. ಈಗ ಅವಳು ಮಾಡುತ್ತಿರಬಹುದು, ಈಗಲೇ ಮಾಡುತ್ತಿರಬಹುದು ಎಂದುಕೊಳ್ಳುತ್ತ ಒಂದು ಪ್ಯಾಂಟಿನ ಎರಡೂ ಕಾಲುಗಳನ್ನು ಸೇರಿಸಿ ಹೊಲಿದುಬಿಟ್ಟ.

ಆ ಗಡಿಬಿಡಿಯಲ್ಲೇ ವಕೀಲರು ನುಗ್ಗಿದರು. "ಕೋಟು ಆಯ್ತಾ? ಬೇಗ ಬೇಗ, ಬೇರೆ ಊರಲ್ಲಿ ಕೇಸಿದೆ, ರೈಲಿಗೆ ಹೊತ್ತಾಯ್ತು!" ಹ್ಯಾಂಗರಿನಿಂದ ಕೋಟನ್ನು ತಾವೇ ಎಳೆದು ತೊಟ್ಟುಕೊಂಡು, ಭುಜ ಅಲುಗಾಡಿಸಿ ನೋಡಿ, "ಭೇಷ್!" ಎಂದು ಹೊರಟೇಹೋದರು. ಹೊಗಳಿದರೆ ಉಬ್ಬುವ ಪ್ರಾಣಿ ನಮ್ಮ ಟೈಲರ್. ಬಾಗಿಲ ತನಕ ಹೋಗಿ ಕೈಮುಗಿದು ಕಳಿಸಿಕೊಟ್ಟ.

ನರ್ಸಮ್ಮ ಫೋನ್ ಕೊಟ್ಟು ಎದ್ದ ಮೇಲೆ ಅವನು ಹ್ಯಾಂಗರಿನ ಕಡೆ ಕೈ ಚಾಚಿದ. ಬರೀ ಹ್ಯಾಂಗರು ತೂಗಾಡುತ್ತಿತ್ತು. "ಅಯ್ಯಯ್ಯೋ, ಕೆಟ್ಟೆ!" ಎಂದು ಬೀದಿಗೆ ಓಡಿದ. ಸ್ಟೇಷನ್ನಿಗೂ ಓಡಿದ. ರೈಲು ಹೋಗಿತ್ತು. ವಕೀಲರಿಗೆ ಫೋನ್ ಮಾಡೋಣವೆಂದರೆ ಅವರದೂ ಅದೇ ಅಗ್ಗದ ಕಂಪನಿ. ಟೈಲರ್ ಏದುಸಿರು ಬಿಡುತ್ತ ವಾಪಸು ಬಂದು, ಸಿಮ್ಮಿಲ್ಲದ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಎಲ್ಲ ಕಂಪನಿಗೂ ಬಾಗಿಲು ತೆರೆದಿಟ್ಟ ಆ ಫೋನಿಗೆ ಬರಬೇಕಾದ ಒಬ್ಬಳೇ ಒಬ್ಬಳು ಬರುವ ದಾರಿ ಮುಚ್ಚಿಹೋಗಿತ್ತು.

ಸಂಜೆ ಅಕ್ಕ ಬಸ್ಸಿನಿಂದಿಳಿದು ನೇರ ಅಂಗಡಿಗೇ ಬಂದಳು. ಚೀಲ ಕೆಳಗಿಡುವ ಮೊದಲೇ ಬಾಯಿ ತೆರೆದಳು. "ಏನೋ ನಿಂದು? ಫೋನ್ ಆಫ್ ಮಾಡಿಟ್ಟು ಕೂತಿದೀಯಾ? ಅವಳು ಮಾಡಿದ್ಳಂತೆ ಕಣೋ! ನನ್ನ ಫೋನೂ ಸತ್ತಿದೆಯಲ್ಲ, ಸ್ಕೂಲಿನ ಆಫೀಸಿಗೆ ಫೋನ್ ಮಾಡಿ ಅತ್ತಳು. 'ಅಪ್ಪ ಬೇಕು ಅಂತಲೇ ಆಫ್ ಮಾಡಿದಾರೆ ಅತ್ತೆ' ಅಂತ. ನಾನೇ ಸಮಾಧಾನ ಮಾಡಿ, ನಿಮ್ಮಪ್ಪನ ಕೈಲೇ ಮಾಡಿಸ್ತೀನಿ, ಅವನ ನಂಬರಿಂದ ಬಂದ್ರೆ ಎತ್ತು ಅಂತ ಹೇಳಿ ಬಂದಿದೀನಿ. ಮಾಡು, ಈಗಲೇ ಮಾಡು!"

ಗಲಾಟೆ ಕೇಳಿ ಕನ್ನಡಕದವರೂ ನರ್ಸಮ್ಮನೂ ಬಾಗಿಲಿಗೆ ಬಂದರು. ಟೈಲರಿಗೆ ತಡೆಯಲಾಗಲಿಲ್ಲ. "ನನ್ನ ಸಿಮ್ ವಕೀಲರ ಕೋಟಲ್ಲಿ ಹೋಯ್ತಕ್ಕಾ! ಬೆಳಗಿಂದ ಅವಳ ಫೋನಿಗೇ ಕಾಯ್ತಿದ್ದೆ. ಈ ಜನರ ಮುಂದೆ ಹೇಳೋಕೆ ನಾಚಿಕೆ ಆಗಿ ಸತ್ತೆ!" ಎಂದು ಎಲ್ಲರೆದುರೇ ಅತ್ತುಬಿಟ್ಟ.

"ಒಂದು ಮಾತು ಹೇಳಬಾರದಿತ್ತಾ ಮಾರಾಯ್ರೆ?" ಎಂದರು ಕನ್ನಡಕದವರು. "ನಾವೇನು ಮನುಷ್ಯರಲ್ವಾ?"

ಅಕ್ಕನ ಫೋನಿನಲ್ಲಿ ಸಿಗ್ನಲ್ ಇರಲಿಲ್ಲ, ಆದರೆ ಮಗಳ ನಂಬರಿತ್ತು. ಅದನ್ನು ನೋಡಿಕೊಂಡು ಕನ್ನಡಕದವರ ಸಿಮ್ಮಿನಿಂದ ಮಾಡಿದರು. ಬಡಿದುಕೊಂಡಿತು, ಎತ್ತಲಿಲ್ಲ. ನರ್ಸಮ್ಮನ ಸಿಮ್ ಹಾಕಿ ಮಾಡಿದರು. ಅದನ್ನೂ ಎತ್ತಲಿಲ್ಲ. ಡ್ರಾಯರಿನ ಈ ಸಿಮ್ಮುಗಳ ನಂಬರು ಅವಳಿಗೆ ಹೇಗೆ ಗೊತ್ತಿರಬೇಕು? ಗುರುತಿಲ್ಲದ ನಂಬರು ಎತ್ತಬೇಡ ಎಂದು ಅವಳಿಗೆ ಕಲಿಸಿದವನೂ ಇವನೇ.

"ಮೆಸೇಜ್ ಹಾಕಪ್ಪಾ" ಎಂದಳು ನರ್ಸಮ್ಮ. "ನೀನೇ ಬರಿ. ಮನಸ್ಸಲ್ಲಿರೋದನ್ನ ಬರಿ."

ಟೈಲರ್ ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಯಾರೂ ಸಲಹೆ ಕೊಡಲಿಲ್ಲ. ಆ ಕಟ್ಟಡದಲ್ಲಿ ಅದೇ ಒಂದು ದೊಡ್ಡ ಸಂಗತಿ. "ಮಗಳೇ, ನಾನು ನಿನ್ನ ಅಪ್ಪ. ಬೇರೆಯವರ ಸಿಮ್ಮಿನಿಂದ ಬರೆಯುತ್ತಿದ್ದೇನೆ. ತಪ್ಪೆಲ್ಲ ನನ್ನದೇ. ನಿನ್ನ ಕೆಲಸ ನನ್ನ ಕೆಲಸಕ್ಕಿಂತ ಕಡಿಮೆಯಲ್ಲ. ನೀನಿಲ್ಲದೆ ಅಂಗಡಿಯಲ್ಲಿ ಮನಸ್ಸು ನಿಲ್ಲುವುದಿಲ್ಲ. ನನ್ನನ್ನು ಕ್ಷಮಿಸು." ಬರೆದು ಕಳಿಸಿದ. ನರ್ಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಉತ್ತರ ಕೂಡಲೇ ಬಂತು. ಅಕ್ಕ ಫೋನು ಇಸಿದುಕೊಂಡು ಗಟ್ಟಿಯಾಗಿ ಓದಿದಳು.

"ಯಾವನೋ ನೀನು? ಬೇರೆ ನಂಬರಿಂದ ಅಪ್ಪ ಅಂತ ಹೇಳಿ ಮೋಸ ಮಾಡೋರನ್ನ ನಾನು ಬೇಕಾದಷ್ಟು ನೋಡಿದೀನಿ. ಈ ಆಟ ಬೇರೆ ಕಡೆ ಆಡು. ನಮ್ಮಪ್ಪ ಪ್ರಾಣ ಹೋದ್ರೂ ತಪ್ಪು ನಂದು ಅನ್ನೋರಲ್ಲ. ನಿನ್ನ ನಂಬರನ್ನ ಪೊಲೀಸಿಗೆ ಕೊಡ್ತಿದೀನಿ."

ಕನ್ನಡಕದವರು ನರ್ಸಮ್ಮನ ಮುಖ ನೋಡಿದರು. ನರ್ಸಮ್ಮ ಫೋನಿನೊಳಗಿದ್ದ ತನ್ನ ಸಿಮ್ಮಿನ ಕಡೆ ಗಾಬರಿಯಿಂದ ನೋಡಿದಳು. ಟೈಲರ್ ಅಕ್ಕನ ಕೈಯಿಂದ ಫೋನು ತೆಗೆದುಕೊಂಡು ಆ ಸಾಲುಗಳನ್ನು ತಾನೇ ಇನ್ನೊಮ್ಮೆ ನಿಧಾನವಾಗಿ ಓದಿದ.

"ನನ್ನ ಅಳತೆ ಸರಿಯಾಗೇ ತೆಗೆದಿದಾಳೆ ಕಣಕ್ಕಾ" ಎಂದ.